ಹಿಂದಿನ ಸಾಲಿನ ಡಬ್ಬಿಗಳು

"ಕಳ್ಳನ ಪಕ್ಕ ನಿಂತು ದೂರು ಕೊಡೋ ಗತಿ ನನಗೆ ಬಂತಲ್ಲ!"

"ನಾಲಿಗೆ ಬಿಗಿ ಹಿಡಿದು ಮಾತಾಡಿ. ಕಪಾಟಿನ ಬೀಗದ ಕೈ ನನ್ನ ಹತ್ರ ಇದ್ದ ಮಾತ್ರಕ್ಕೆ ಕಳ್ಳ ನಾನೇನಾ?"

ಠಾಣೆಯಲ್ಲಿ ಹೀಗೆ ಕಿತ್ತಾಡುತ್ತಿದ್ದವರು ಹೃದ್ರೋಗ ಆಸ್ಪತ್ರೆಯ ಮೇಲ್ವಿಚಾರಕ ಮತ್ತು ಅಲ್ಲಿನ ತಂತ್ರಜ್ಞ. ಇನ್ಸ್‌ಪೆಕ್ಟರ್ ಮೇಜು ಗುದ್ದಿ ಇಬ್ಬರನ್ನೂ ಕೂರಿಸಿದ. ಬಾಯಿ ಮುಚ್ಚಿದ ಮೇಲೆ ವಿಷಯ ಹೊರಗೆ ಬಂತು.

ಕಟ್ಟಿಕೊಂಡ ಹೃದಯದ ರಕ್ತನಾಳ ಬಿಡಿಸಿ, ಅದು ಮತ್ತೆ ಮುಚ್ಚದಂತೆ ಒಳಗೆ ಕೂರಿಸುವ ಪುಟ್ಟ ಜಾಲರಿಗೆ ಸ್ಟೆಂಟ್ ಎನ್ನುತ್ತಾರೆ. ಔಷಧಿ ಸವರಿದ್ದು ದುಬಾರಿ. ಬರೀ ಲೋಹದ್ದು ಅಗ್ಗ, ಬಡವರ ಪಾಲಿಗೆ ಅದೇ. ಸೋಮವಾರ ನರ್ಸ್ ರಜೆ ಇದ್ದುದರಿಂದ ತಂತ್ರಜ್ಞನೇ ಔಷಧಿ ಸ್ಟೆಂಟಿನ ಡಬ್ಬಿ ಬಿಚ್ಚಿದ. ಒಳಗಿದ್ದದ್ದು ಬರೀ ಲೋಹದ್ದು. ಅವನೇ ಕೂಗಿ ಡಾಕ್ಟರಿಗೆ ತೋರಿಸಿದ್ದರಿಂದ ಸರಿಹೋಯಿತು. ಅಸಲಿಯನ್ನು ಇವನೇ ಹೊರಗೆ ಮಾರಿದ್ದಾನೆ ಎಂಬುದು ಮೇಲ್ವಿಚಾರಕನ ವಾದ. ಹತ್ತೂವರೆಗೆ ಎಫ್‌ಐಆರ್ ಆಯಿತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಪಂಚರ ಎದುರು ಸ್ಟೆಂಟ್ ಕಪಾಟು ತೆರೆಸಿ ಪಂಚನಾಮೆ ಮಾಡಿದರು. ಮುಂದಿನ ಸಾಲುಗಳು ಸರಿಯಾಗಿದ್ದವು. ತೀರಾ ಹಿಂದಿನ ಸಾಲಿನ ಕೆಲವು ಔಷಧಿ ಸ್ಟೆಂಟಿನ ಡಬ್ಬಿಗಳ ಮುಚ್ಚಳ ಮಾತ್ರ ಬಿಚ್ಚಿ, ಮತ್ತೆ ಅಂಟಿಸಿದ್ದು ಕಂಡಿತು. ಅವುಗಳೊಳಗೆಲ್ಲ ಅಗ್ಗದ್ದು.

"ಕದಿಯೋನು ಡಬ್ಬಿ ಸಮೇತ ಹಾರಿಸ್ತಾನೆ," ಎಂದ ಇನ್ಸ್‌ಪೆಕ್ಟರ್. "ಬದಲಿ ಇಟ್ಟು ಹೋಗೋ ಕಳ್ಳನ್ನ ಎಲ್ಲಾದ್ರೂ ಕಂಡಿದೀಯೇನಯ್ಯಾ?"

ದಫೇದಾರ ಅಂಗಿ ಮೇಲೆ ಎದೆ ಸವರಿಕೊಂಡ. ಹೋದ ವರ್ಷ ಅವನಿಗೂ ಒಂದು ಸ್ಟೆಂಟ್ ಹಾಕಿದ್ದರು. "ನಂದು ಯಾವ ಜಾತೀದೋ ಸಾರ್. ಬಿಚ್ಚಿ ಪಂಚನಾಮೆ ಮಾಡೋ ಹಾಗೂ ಇಲ್ಲ."

ಇನ್ಸ್‌ಪೆಕ್ಟರ್ ನಗುತ್ತಲೇ ಒಂದು ಡಬ್ಬಿ ಎತ್ತಿ ತಿರುಗಿಸಿ ನೋಡಿದ. ಬಡವರಿಗೆ ಹಾಕಬೇಕಿದ್ದ ಅಗ್ಗದ್ದು ಇಲ್ಲೇ ಉಳಿದಿದೆ ಎಂದರೆ, ಅಗ್ಗದ್ದಕ್ಕೆ ದುಡ್ಡು ಕಟ್ಟಿದವರ ಎದೆಯಲ್ಲಿ ಇರುವುದೇನು?

ಆಸ್ಪತ್ರೆಯ ಪಟ್ಟಿಯಲ್ಲಿ ಸಿಕ್ಕ ಅಂಥವರಲ್ಲಿ ಒಬ್ಬ ದರ್ಜಿ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕಾಲರ್ ಹೊಲಿಯುತ್ತಿದ್ದ. ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಕೊಟ್ಟಿದ್ದರು. ಅದರಲ್ಲೊಂದನ್ನು ತಿಂಗಳಾದ ಮೇಲೆ ನಿಲ್ಲಿಸಬಹುದು ಎಂದು ಆಸ್ಪತ್ರೆಯ ಚೀಟಿಯಲ್ಲಿತ್ತು. ಬೇಸಿಗೆಯಲ್ಲಿ ಶುರು ಮಾಡಿದ್ದನ್ನು ಚಳಿಗಾಲ ಬಂದರೂ ಅವನು ನುಂಗುತ್ತಲೇ ಇದ್ದ. ಯಾಕೆ ಎಂದರೆ, ಆಸ್ಪತ್ರೆಯ ನರ್ಸಕ್ಕ ನಿಲ್ಲಿಸಬೇಡ ಅಂದಿದ್ದಾರೆ ಎಂದ. ಮನೆಗೆ ಹೋಗುವಾಗ ದಾರಿಯಲ್ಲಿ ಇಳಿದು, ಎದುರಿಗೇ ನುಂಗಿಸಿ ಹೋಗುತ್ತಾಳಂತೆ.

"ಒಡಹುಟ್ಟಿದವಳೂ ಇಷ್ಟು ಬೈಯಲ್ಲ ಸಾರ್," ಎಂದು ಹೆಮ್ಮೆಯಿಂದ ಹೇಳಿಕೊಂಡ. "ಒಂದು ಗುಂಡಿ ಹಾಕಿಸ್ಕೊಳ್ಳೋಕೂ ಬರಲ್ಲ. ಬೈಯೋಕೇ ಬರ್ತಾರೆ."

ಇನ್ಸ್‌ಪೆಕ್ಟರ್ ನೇರವಾಗಿ ಡಾಕ್ಟರ ಬಳಿ ಹೋದ. ಬರೀ ಲೋಹದ ಮೇಲೆ ಮಾಂಸ ಬೇಗ ಹಬ್ಬುತ್ತದೆ, ಕೆಲವರಲ್ಲಿ ಅತಿಯಾಗಿ ಹಬ್ಬಿ ನಾಳವನ್ನೇ ಮತ್ತೆ ಕಿರಿದು ಮಾಡುತ್ತದೆ ಎಂದು ಡಾಕ್ಟರು ವಿವರಿಸಿದರು. ಔಷಧಿ ಆ ಬೆಳವಣಿಗೆಯನ್ನು ತಡೆಯುತ್ತದೆ. ಆದರೆ ಲೋಹಕ್ಕೆ ಹೊದಿಕೆ ಬೀಳುವುದು ತಡವಾಗುವುದರಿಂದ ಎರಡೂ ಮಾತ್ರೆ ಬಹಳ ಕಾಲ ಬೇಕು. ನಡುವೆ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ. ತಂತ್ರಜ್ಞ ಬೀಗ ತೆಗೆದ ಮೇಲೆ ಡಬ್ಬಿ ಆರಿಸಿ, ಪೊಟ್ಟಣ ಬಿಚ್ಚಿ ಕೈಗೆ ಕೊಡುವವರು ಯಾರು ಎಂದು ಇನ್ಸ್‌ಪೆಕ್ಟರ್ ಕೇಳಿದ. ನರ್ಸ್, ಆ ಹೊತ್ತಿಗೆ ತಮ್ಮ ಕಣ್ಣು ಎಕ್ಸ್‌ರೇ ಪರದೆ ಮೇಲಿರುತ್ತದೆ ಎಂದರು ಡಾಕ್ಟರು.

ನರ್ಸ್ ಒಳಕೋಣೆಯಲ್ಲಿ ಎಕ್ಸ್‌ರೇ ತಡೆಯುವ ಸೀಸದ ಅಂಗಿ ಒರೆಸುತ್ತಿದ್ದಳು. ತಲೆ ಅರ್ಧ ನರೆತಿತ್ತು.

"ಬದಲಾಯಿಸಿದ್ದು ನೀವೇನಾ?"

"ಹೌದು."

"ಯಾಕಮ್ಮಾ?"

"ಒಬ್ಬ ತಮ್ಮ ಇದ್ದ. ಅವನಿಗೂ ನಾನೇ ಪೊಟ್ಟಣ ಹರಿದು ಕೊಟ್ಟೆ. ಬರೀ ಲೋಹದ್ದು. ಆರು ತಿಂಗಳಿಗೆ ಮತ್ತೆ ಮುಚ್ಚಿಕೊಂಡಿತು." ಅಂಗಿಯ ಮಡಿಕೆ ಬಿಡಿಸಿದಳು. "ಔಷಧೀದು ಅದೇ ಕಪಾಟಲ್ಲಿತ್ತು ಸಾರ್. ಕೈಗೆ ಎಟುಕೋ ಹಾಗೇ ಇತ್ತು."

ಸೋಮವಾರ ಅವನು ತೀರಿಕೊಂಡ ದಿನದ ತಿಥಿ. ವರ್ಷಕ್ಕೆ ಅವಳು ಹಾಕುವುದು ಅದೊಂದೇ ರಜೆ.

ಇನ್ಸ್‌ಪೆಕ್ಟರಿಗೆ ರೇಗಿತು. "ಸೋಮವಾರದ ರೋಗಿಗೆ ನಿಮ್ಮ ತಮ್ಮನ ಗತಿಯೇ ಬಂದಿದ್ರೆ?"

ಹಿಂದಿನ ಸಾಲಿಗೆ ತನ್ನ ಕೈ ಬಿಟ್ಟು ಬೇರೆ ಕೈ ಹೋಗುವುದಿಲ್ಲ ಅಂದುಕೊಂಡಿದ್ದೆ ಎಂದಳು. ಆಮೇಲೆ, ಅದು ಉತ್ತರ ಅಲ್ಲ, ತನಗೂ ಗೊತ್ತು ಎಂದಳು.

ಅವನ ದನಿ ತಗ್ಗಿತು. "ದರ್ಜಿ ಹತ್ರ ಹೋಗದೇ ಇದ್ದಿದ್ರೆ ನೀವು ಸಿಕ್ಕಿಬೀಳ್ತಿರ್ಲಿಲ್ಲ."

"ಮಾತ್ರೆ ನಿಲ್ಲಿಸಿಬಿಡ್ತಿದ್ದ. ಬದುಕಲಿ ಅಂತ ಹಾಕಿ, ನಾನೇ ಸಾಯಿಸ್ಲಾ?" ಸೆರಗಿನಿಂದ ಕೈ ಒರೆಸಿಕೊಂಡಳು. "ಇನ್ನೂ ಕೆಲವರಿದ್ದಾರೆ. ಬರ್ಕೊಳ್ಳಿ. ಅವರ ಚೀಟಿಗಳನ್ನ ಇವತ್ತೇ ತಿದ್ದಿಸಿ."

"ಹೇಳಿದಷ್ಟೂ ಕೇಸು ಗಟ್ಟಿಯಾಗುತ್ತೆ. ಗೊತ್ತಲ್ಲ?"

"ಬರ್ಕೊಳ್ಳಿ ಸಾರ್."

ಅವಳು ಒಬ್ಬೊಬ್ಬರದೇ ಹೆಸರು, ಮನೆಯ ಗುರುತು ಹೇಳಿದಳು. ಅವನು ಬರೆದುಕೊಂಡ, ಪಕ್ಕದ ಕೋಣೆಯಿಂದ ಡಾಕ್ಟರನ್ನೂ ಕರೆಸಿ ಕೂರಿಸಿದ. ತಂತ್ರಜ್ಞನ ಮೇಲಿನ ಆರೋಪ ಅಲ್ಲಿಗೇ ಬಿತ್ತು. ನಾಲ್ಕು ಗಂಟೆಗೆ ಮಹಿಳಾ ಪೇದೆ ಬಂದಳು, ಬಂಧನದ ಕಾಗದಕ್ಕೆ ನರ್ಸ್ ಸಹಿ ಹಾಕಿದಳು.

ಹಿಂದೆ ನಿಂತಿದ್ದ ದಫೇದಾರ ಮುಂದೆ ಬಂದ. "ದರ್ಜಿ ಅಂಗಡಿ ನನ್ನ ದಾರೀಲೇ ಇದೆ ಅಕ್ಕಾ. ನಾನೂ ಅದೇ ಮಾತ್ರೆಯವನು. ಇಬ್ಬರೂ ಕೂತು ನುಂಗ್ತೀವಿ ಬಿಡಿ."

"ನಯವಾಗಿ ಹೇಳಿದ್ರೆ ಕೇಳಲ್ಲ ಅವನು," ಎಂದಳು ನರ್ಸ್. "ಬೈದು ನುಂಗಿಸಿ."

ಸೀಸದ ಅಂಗಿಯನ್ನು ಮೊಳೆಗೆ ನೇತುಹಾಕಿ, ಅದು ಅಲ್ಲಾಡದಂತೆ ಒಂದು ಗಳಿಗೆ ಹಿಡಿದಳು. ಪೇದೆಗಿಂತ ಮುಂದಾಗಿ ಬಾಗಿಲು ದಾಟಿದಳು. ಆ ಕೋಣೆಗೆ ಅವಳು ಮತ್ತೆ ಬರಲಿಲ್ಲ.