ಆರದ ಕೆಂಪು ದೀಪ

"ನೀನು ಜೋಡಿಸಿಕೊಟ್ಟ ಕಂಪ್ಯೂಟರ್ ಕಣಮ್ಮ ಇದು. ನಿನ್ನ ಬಿಟ್ಟು ಇನ್ಯಾರನ್ನ ಕೇಳಲಿ?"

ಯೋಗಾನರಸಿಂಹ ಜೋಯಿಸರು ಗುಡುಗಿದ ರೀತಿಗೆ ಮೇಘಶ್ರೀ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಮೂರು ವಾರದಿಂದ ಕಂಪ್ಯೂಟರ್ ತೆವಳುತ್ತಿದೆಯಂತೆ. ಡಬ್ಬದ ಮುಂದಿನ ಕೆಂಪು ದೀಪ ಆರುವುದೇ ಇಲ್ಲವಂತೆ. ಒಳಗೆ ಯಾರೋ ಹಲ್ಲು ಕಡಿದ ಹಾಗೆ ಕಿರ್ ಕಿರ್ ಸದ್ದಂತೆ. ನಾಳೆ ಭಾನುವಾರ ಮಗನಿಗೆ ಹೆಣ್ಣು ನೋಡಲು ಅರಕಲಗೂಡಿಗೆ ಹೋಗಬೇಕು, ಹುಡುಗಿಯ ಜಾತಕ ಪ್ರಿಂಟ್ ತೆಗೆಯಬೇಕು, ಈ ಹಾಳು ಯಂತ್ರ ಒಂದು ಪುಟ ತೋರಿಸೋಕೆ ಕಾಲು ಗಂಟೆ ತಗೊಳ್ಳುತ್ತಂತೆ.

"ಬತ್ತೀನಿ ಸಾ," ಅಂದಳು. ಫೋನ್ ಇಟ್ಟ ಮೇಲೆ, "ಬತ್ತೀನಿ, ನಿಮ್ಮ ಮಗನ್ನೂ ಒಂದು ಕೈ ನೋಡ್ಕೋತೀನಿ," ಅಂತ ಸ್ಕ್ರೂಡ್ರೈವರನ್ನು ಬ್ಯಾಗಿಗೆ ತುರುಕಿದಳು.

ಸಿಟ್ಟು ಬರದೆ ಇರುತ್ತದೆಯೇ? ಆ ಮಗ ಜಯಂತ್, ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಗಣಿತದ ಲೆಕ್ಚರರ್, ಎರಡು ಸಾವಿರದ ಆರನೇ ಇಸವಿಯ ಅರ್ಧವನ್ನು ಹೊಳೆನರಸೀಪುರ ಬಸ್ ಸ್ಟ್ಯಾಂಡ್ ಹತ್ತಿರದ ಅವಳ ಅಂಗಡಿಯ ಸ್ಟೂಲ್ ಮೇಲೇ ಕಳೆದಿದ್ದ. ಒಂದು ದಿನ ಮೌಸ್ ಓಡುತ್ತಿಲ್ಲ ಅಂತ ಬಂದ. ಮೌಸಿನೊಳಗಿನ ಗುಂಡು ಅವನ ಜೇಬಿನಲ್ಲೇ ಇತ್ತು. ಇನ್ನೊಂದು ದಿನ ಕೀಬೋರ್ಡಿನಲ್ಲಿ ಎಮ್ ಅಕ್ಷರ ಕೂತಿದೆ ಅಂದ. ಅವಳು ಒತ್ತಿ ನೋಡಿದರೆ ನೆಟ್ಟಗಿತ್ತು.

"ಬರೀ ಎಮ್ ಒಂದೇ ಯಾಕೆ ಕೆಡ್ತು ಸಾರ್?"

"ಅದನ್ನೇ ಜಾಸ್ತಿ ಒತ್ತಿದೀನೇನೋ," ಅಂದವನ ಕಿವಿ ಕೆಂಪಾಗಿತ್ತು. ಅವಳು ತಲೆ ಬಗ್ಗಿಸಿ, ನೆಟ್ಟಗಿದ್ದ ಕೀಬೋರ್ಡನ್ನೇ ಹತ್ತು ನಿಮಿಷ ಒರೆಸಿದ್ದಳು.

ಮೂರು ವಾರದ ಹಿಂದೆ ಅದೇ ಸ್ಟೂಲಿನಲ್ಲಿ ಕೂತು, "ನೀವು ಹುಟ್ಟಿದ ಟೈಮ್ ಎಷ್ಟು?" ಅಂತ ಕೇಳಿದ. ಜೋಯಿಸರ ಮಗ ಸುಮ್ಮನೆ ಕೇಳುವ ಮಾತಲ್ಲ ಅದು. ಆದರೂ ನಗುತ್ತಲೇ ಹೇಳಿದಳು.

"ನಂದು ಹಳೇಕೋಟೆ ಕಡೆ ಒಕ್ಕಲು ಮನೆ. ಟೈಮೂ ಇಲ್ಲ, ತಾರೀಕೂ ಇಲ್ಲ. ಇಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಜೂನ್ ಒಂದು ಅಂತ ಬರ್ಕೊಂಡ್ರು. ನಮ್ಮ ಕ್ಲಾಸಲ್ಲಿ ಅರ್ಧ ಜನ ಜೂನ್ ಒಂದನೇ ತಾರೀಕೇ ಹುಟ್ಟಿದೋರು. ಅವ್ವನ್ನ ಕೇಳಿದ್ರೆ, ಹೊಗೆಸೊಪ್ಪು ಬೇಯಿಸೋ ಎರಡು ತಿಂಗಳಲ್ಲಿ ಯಾವತ್ತೋ, ಬ್ಯಾರನ್ ಮನೆ ಒಲೆಗೆ ಸೌದೆ ತುಂಬಿ ಬಂದು ಕುಂತಿದ್ದೆ, ನೀನು ಬಂದ್ಬುಟ್ಟೆ ಅಂತಾಳೆ."

ಅವನ ಮುಖ ಸಪ್ಪಗಾದದ್ದು ಕಂಡಿತು. ಆಗ ಅವಳಿಗೆ ರೇಗಿತು.

"ಮನಸ್ಸಲ್ಲಿ ಏನಾದ್ರೂ ಇದ್ರೆ ಜಾತಕ ಕೇಳಬೇಡಿ ಸಾರ್. ನಿಮ್ಮಪ್ಪನ ಮುಂದೆ ನಿಂತು ಹೇಳಿ. ನಮ್ಮಪ್ಪ ಕೆಂಪಣ್ಣನೂ ಸುಮ್ಕೆ ಒಪ್ಪೋ ಪೈಕಿ ಅಲ್ಲ. ಅವನ ಮುಂದೆ ನಾನು ನಿಂತ್ಕೋತೀನಿ."

ಅವತ್ತು ಎದ್ದು ಹೋದವನು ಇವತ್ತಿನವರೆಗೂ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಈಗ ನೋಡಿದರೆ ನಾಳೆ ಅರಕಲಗೂಡಂತೆ! ಸರಿ, ಹೋಗಲಿ. ಆದರೆ ಇಲ್ಲ ಅನ್ನುವುದನ್ನಾದರೂ ಎದುರಿಗೆ ಹೇಳಿ ಹೋಗಲಿ.

ಜೋಯಿಸರ ಮನೆಯ ನಡುಮನೆಯಲ್ಲಿ ಕಂಪ್ಯೂಟರ್ ಕಿರುಗುಟ್ಟುತ್ತಿತ್ತು. ಜೋಯಿಸರು ಬೆತ್ತದ ಕುರ್ಚಿಯಲ್ಲಿ ಕಾವಲು ಕೂತರು. ಅವರ ಹೆಂಡತಿ ರಂಗನಾಯಕಮ್ಮ ಕಾಫಿ ತಂದು ಕಿಟಕಿಯ ಕಟ್ಟೆ ಮೇಲಿಟ್ಟರು. ಅಂಚು ನೆಗ್ಗಿದ ಸ್ಟೀಲ್ ಲೋಟ. ಕರೆಂಟ್ ರಿಪೇರಿಯವನಿಗೆ, ಗ್ಯಾಸಿನವನಿಗೆ, ಮೇಘಶ್ರೀಗೆ, ಎಲ್ಲರಿಗೂ ಅದೊಂದೇ, ಕುಡಿದ ಮೇಲೆ ಅದರ ಜಾಗವೂ ಆ ಕಟ್ಟೆಯೇ. ಮನೆಯವರೆಲ್ಲ ತುಟಿಗೆ ತಾಗಿಸದೆ ಲೋಟ ಎತ್ತಿ ಕುಡಿಯುವವರು, ಕಚ್ಚಿ ಕುಡಿಯುವವರಿಗೆ ಇದು. ಮೊದಲೆಲ್ಲ ಏನೂ ಅನ್ನಿಸಿರಲಿಲ್ಲ. ಇವತ್ತು ಅವಳು ಅದನ್ನು ಮುಟ್ಟಲಿಲ್ಲ.

"ಹಾರ್ಡ್ ಡಿಸ್ಕ್ ಹೋಗಿದೆಯೇನಮ್ಮ? ಹಾಸನದಿಂದ ಯಾರನ್ನಾದರೂ ಕರೆಸಲಾ?"

"ಮೊದಲು ನಾನು ನೋಡ್ತೀನಿ ಸಾ. ಡಿಸ್ಕ್ ಕೆಟ್ಟಿದ್ರೆ ನಾನೇ ಹೇಳ್ತೀನಿ."

ವೈರಸ್ ನೋಡಿದಳು, ಇರಲಿಲ್ಲ. ಡಿಸ್ಕ್ ಚೆಕ್ ಮಾಡಿದಳು, ಕಲ್ಲುಗುಂಡಿನ ಹಾಗಿತ್ತು. ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿದಳು. ಸದ್ದು ಅರ್ಧಕ್ಕಿಳಿಯಿತು, ಡಿಸ್ಕ್ ದುಡಿಯುವಾಗ ಉರಿಯುವ ದೀಪ ಮಾತ್ರ ಆರಲಿಲ್ಲ. ಅಂದರೆ ಯಾವುದೋ ಪ್ರೋಗ್ರಾಂ ಒಂದೇ ಸಮ ಹೊಸ ಫೈಲ್ ಬರೆಯುತ್ತಿದೆ, ಆಂಟಿವೈರಸ್ ಒಂದೊಂದನ್ನೂ ಹಿಡಿದು ಪರೀಕ್ಷೆ ಮಾಡುತ್ತಿದೆ. ಬರೆಯುತ್ತಿರುವುದು ಯಾವುದು? ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕಿಗೆ ಯಾರು ಎಷ್ಟು ಬರೆದರು ಅನ್ನುವ ಕಾಲಂ ತೆರೆದಳು. ಎಲ್ಲರೂ ಸುಮ್ಮನಿದ್ದರು. ಒಬ್ಬನ ಅಂಕಿ ಮಾತ್ರ ಕಣ್ಣೆದುರೇ ಏರುತ್ತಿತ್ತು.

"ಸಾ, ಈಗ ಜಾತಕದ ಪ್ರೋಗ್ರಾಂ ಓಪನ್ ಮಾಡಿದ್ದೀರಾ?"

"ಎಲ್ಲಿ ತೆಗೆಯೋದು? ತೆಗೆಯೋಕೆ ಬಿಟ್ಟರೆ ತಾನೆ!"

ಯಾರೂ ತೆರೆಯದ ಪ್ರೋಗ್ರಾಮನ್ನು ಕಂಪ್ಯೂಟರ್ ಆನ್ ಆದ ಕ್ಷಣದಿಂದ ತೆರೆಮರೆಯಲ್ಲಿ ತಾನೇ ಓಡುವ ಹಾಗೆ ಯಾರೋ ಕೂರಿಸಿದ್ದರು. ಅದು ಬರೆಯುತ್ತಿದ್ದ ಫೋಲ್ಡರ್ ತೆರೆಯಲು ಐದು ನಿಮಿಷ ಬೇಕಾಯಿತು. ಐವತ್ತೆರಡು ಸಾವಿರ ಫೈಲು. ಒಂದನ್ನು ಒತ್ತಿದಳು.

ವರ: ಜಯಂತ್. ವಧು: ಮೇಘಶ್ರೀ. ಜನನ ಬೆಳಿಗ್ಗೆ ಆರು ಹನ್ನೆರಡು. ಗುಣ ಮೂವತ್ತಾರಕ್ಕೆ ಹನ್ನೊಂದು.

ಇನ್ನೊಂದು. ಬೆಳಿಗ್ಗೆ ಆರು ಹದಿಮೂರು. ಹನ್ನೊಂದು. ಮತ್ತೊಂದು. ಆರು ಹದಿನಾಲ್ಕು.

ಹೊಗೆಸೊಪ್ಪು ಬೇಯಿಸುವ ಎರಡು ತಿಂಗಳ ಪ್ರತಿ ದಿನದ ಪ್ರತಿ ನಿಮಿಷಕ್ಕೂ ಅವಳನ್ನು ಒಂದೊಂದು ಸಲ ಹುಟ್ಟಿಸುತ್ತಿದ್ದ ಪುಣ್ಯಾತ್ಮ! ಮೇಘಶ್ರೀಗೆ ನಗು ಬಂತು, ಅಳು ಬಂತು, ಎರಡಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇವನು ಮೂರು ವಾರದಿಂದ ಇಷ್ಟೊಂದು ನೆನೆದಿದ್ದಾನೆ. ಆದರೆ ಬಾಯಿ ಬಿಟ್ಟು ಒಂದು ಮಾತಾಡಿಲ್ಲ.

ಶನಿವಾರದ ಅರ್ಧ ದಿನದ ಕಾಲೇಜು ಮುಗಿಸಿ ಜಯಂತ್ ಬಾಗಿಲಿಗೆ ಬಂದವನು ಪರದೆ ನೋಡಿ ಹೊಸಿಲಲ್ಲೇ ನಿಂತ.

"ಬನ್ನಿ ಸಾರ್. ರೋಗ ಸಿಕ್ತು."

"ಮೇಘಾ, ಅದನ್ನ ಮುಚ್ಚಿ," ಅಂದ ಪಿಸುದನಿಯಲ್ಲಿ.

"ಯಾಕೆ ಮುಚ್ಚಲಿ?" ಅವಳು ಮಾನಿಟರನ್ನು ಜೋಯಿಸರ ಕಡೆ ತಿರುಗಿಸಿಯೇ ಬಿಟ್ಟಳು.

ಜೋಯಿಸರು ಕನ್ನಡಕ ಏರಿಸಿ ಬಗ್ಗಿದರು. ನಾಲ್ಕು ಫೈಲ್ ನೋಡಿದವರಿಗೆ ಮೊದಲು ಕೆರಳಿದ್ದು ಅವರ ಕಸುಬು. "ಇದೇನೋ ಇದು? ನಿಮಿಷಕ್ಕೊಂದು ಜಾತಕ! ಗುಣದ ಕೂಟ ನೋಡೋದು ನಕ್ಷತ್ರದಿಂದ ಕಣೋ. ಚಂದ್ರ ಒಂದು ನಕ್ಷತ್ರದಲ್ಲಿ ಹತ್ತಿರ ಹತ್ತಿರ ಒಂದು ದಿನ ಇರ್ತಾನೆ. ಇಪ್ಪತ್ತೇಳು ನಕ್ಷತ್ರ, ಇಪ್ಪತ್ತೇಳು ಸಲ ನೋಡಿದ್ರೆ ಮುಗೀತಿತ್ತು. ಜೋಯಿಸರ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವೇನೋ ನಿನಗೆ? ಎಂ.ಎಸ್ಸಿ ಬೇರೆ!"

ಬೈದು ಮುಗಿಸಿದ ಮೇಲೆ ಹೆಸರು ಕಣ್ಣಿಗೆ ಬಿತ್ತು. "ಈ ಮೇಘಶ್ರೀ ಅಂದ್ರೆ ಯಾರು?"

"ನಾನೇ ಸಾ," ಅಂದಳು ಮೇಘಶ್ರೀ.

ಅಡುಗೆಮನೆಯ ಬಾಗಿಲಿಗೆ ರಂಗನಾಯಕಮ್ಮ ಬಂದು ನಿಂತರು.

"ಹೊಂದೋ ಹೊತ್ತು ಸಿಗಲಿ ಅಂತ ಹುಡುಕ್ತಿದ್ರಾ?" ಮೇಘಶ್ರೀ ಜಯಂತನನ್ನೇ ನೋಡಿದಳು. "ಸಿಗದೇ ಹೋಗಿದ್ರೆ?"

"ಸಿಕ್ಕಿತ್ತು," ಅಂದ ಅವನು. "ಎರಡನೇ ದಿನವೇ ಸಿಕ್ಕಿತ್ತು. ಮೂವತ್ತೆರಡು ಗುಣ."

"ಮತ್ಯಾಕೆ ನಿಲ್ಲಿಸಲಿಲ್ಲ?"

ಜಯಂತ್ ತಲೆ ತಗ್ಗಿಸಿದ. "ನಿಲ್ಲಿಸಿದ್ರೆ ಅಪ್ಪನ ಹತ್ರ ಮಾತಾಡಬೇಕಾಗ್ತಿತ್ತು. ಇನ್ನೂ ಮುಗಿದಿಲ್ಲ, ಇನ್ನೂ ಮುಗಿದಿಲ್ಲ ಅಂತ ದಿನ ತಳ್ಳಿದೆ. ಧೈರ್ಯ ಇರಲಿಲ್ಲ ಮೇಘಾ."

ಆ ಮಾತಿಗೆ ಅವಳ ಸಿಟ್ಟು ಕರಗಬೇಕಿತ್ತು. ಕರಗಿತೂ ಸ್ವಲ್ಪ. ಆದರೆ ಅವಳು ಅದನ್ನು ತೋರಿಸಲಿಲ್ಲ. ಪ್ರೋಗ್ರಾಂ ನಿಲ್ಲಿಸಿದಳು. ಇಡೀ ಫೋಲ್ಡರನ್ನು ಗುರುತು ಹಾಕಿ, ಕುರ್ಚಿ ಬಿಟ್ಟು ಎದ್ದಳು. ಅಂಗಡಿಯ ಭಾಷೆ ಮರೆತು ಹೋಯಿತು, ಊರಿನದು ಬಂತು.

"ನಾನು ಹುಟ್ಟಿರೋದು ಒಂದೇ ಸಲ ಕಣ. ಅದು ಯಾವ ಹೊತ್ತೋ ನನಗೂ ಬೇಕಿಲ್ಲ. ನೀನೇ ಅಳಿಸು."

ಮೊದಲ ಸಲ ಅವನನ್ನು ನೀನು ಅಂದಿದ್ದಳು.

"ಆ ಮೂವತ್ತೆರಡನ್ನೂ?"

"ಅದನ್ನೇ ಮೊದಲು ಅಳಿಸು."

ಜಯಂತ್ ಬಂದು ಬಗ್ಗಿ, ಎರಡು ಬೆರಳಲ್ಲಿ ಕೀಲಿ ಒತ್ತಿದ. ದೀಪ ಇನ್ನೂ ಕೆಂಪಾಗಿ ಉರಿಯಿತು. ಐವತ್ತೆರಡು ಸಾವಿರ ಅಂದರೆ ಸುಮ್ಮನೆಯೇ? ಅಳಿಸುವುದಕ್ಕೂ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಅವನು ಸುಮ್ಮನಿರಲಿಲ್ಲ.

"ಅಪ್ಪ, ನಾಳೆ ನಾನು ಅರಕಲಗೂಡಿಗೆ ಬರಲ್ಲ. ಆ ಮನೆಯವರಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳ್ತೀನಿ. ಮದುವೆ ಅಂತ ಆದ್ರೆ ಇವಳನ್ನೇ. ಜಾತಕ ಇಲ್ಲ. ನೋಡೋದೂ ಬೇಡ."

"ನಾಲ್ಕು ತಲೆಮಾರಿಂದ ಊರಿನ ಜಾತಕವೆಲ್ಲ ನೋಡಿದ ಮನೆ ಇದು!" ಜೋಯಿಸರು ಕನ್ನಡಕ ಕಿತ್ತು ಕೈಯಲ್ಲಿ ಹಿಡಿದರು. "ಜನ ಏನಂತಾರೆ?"

"ಅನ್ನಲಿ ಅಪ್ಪ."

ಅವನ ಕಾಲು ಹಿಂದೆ ಸರಿಯಲಿಲ್ಲ. ಇಷ್ಟು ದಿನ ಮೇಘಶ್ರೀ ಕಾದದ್ದು ಇಷ್ಟಕ್ಕೇ. ಏನು ಮಾಡಲೂ ತೋಚದೆ ಕಿಟಕಿ ಕಟ್ಟೆಯ ಲೋಟ ತೆಗೆದುಕೊಂಡು, ಆರಿದ ಕಾಫಿಯನ್ನು ಕಚ್ಚಿ, ಅರ್ಧ ಕುಡಿದಳು.

ಜಯಂತ್ ಕೈ ಚಾಚಿದ. ಅವಳಿಗೆ ಅರ್ಥವಾಗಲಿಲ್ಲ. ಅವನೇ ಅವಳ ಕೈಯಿಂದ ಲೋಟ ತೆಗೆದುಕೊಂಡ. ಹುಟ್ಟಿದಂದಿನಿಂದ ಎತ್ತಿ ಕುಡಿದವನು, ಅಪ್ಪ ಅಮ್ಮನ ಎದುರಿಗೇ, ಅವಳ ತುಟಿ ತಾಗಿದ ಅಂಚನ್ನೇ ಕಚ್ಚಿ, ಉಳಿದರ್ಧವನ್ನು ತಳ ಕಾಣುವವರೆಗೆ ಕುಡಿದ.

ಜೋಯಿಸರು ಮುಖ ತಿರುಗಿಸಿ ಒಳಕೋಣೆಗೆ ಹೋದರು. ರಂಗನಾಯಕಮ್ಮ ಹೋಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮಗನ ಕೈಯಿಂದ ಆ ನೆಗ್ಗಿದ ಲೋಟ ತೆಗೆದುಕೊಂಡರು. ಅದನ್ನು ಕಿಟಕಿಯ ಕಟ್ಟೆಗೆ ವಾಪಸ್ ಇಡಲಿಲ್ಲ, ಅಡುಗೆಮನೆಗೆ ಒಯ್ದರು.

ಅಷ್ಟರಲ್ಲಿ ಸದ್ದು ನಿಂತಿತ್ತು. ಕೆಂಪು ದೀಪ ಆರಿತ್ತು.

ಮೇಘಶ್ರೀ ಬ್ಯಾಗ್ ಹೆಗಲಿಗೇರಿಸಿ ಒಳಕೋಣೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಸಾ, ಡಿಸ್ಕ್ ಚೆನ್ನಾಗೈತೆ, ಕಂಪ್ಯೂಟರ್ ಸರಿಹೋಯ್ತು. ಮತ್ತೇನಾದ್ರೂ ಕೇಳಬೇಕು ಅನ್ನಿಸಿದ್ರೆ ಅಂಗಡಿಗೆ ಬನ್ನಿ. ಇಬ್ಬರೂ ಅಲ್ಲೇ ಇರ್ತೀವಿ."

ಜಯಂತ್ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಬೀದಿಗಿಳಿದ.