ದೊರೆಯ ಹೆಸರಿನ ಬೆಂಕಿ

ಗ್ರೀಕರನ್ನು ಓಡಿಸಿ ಪಾರ್ಸ ನಾಡಿನ ಪಟ್ಟವೇರಿದ ನಮ್ಮ ದೊರೆಯ ಹೆಸರಿನಲ್ಲಿ ಇಸ್ತಖ್ರ ಊರಿನ ಗುಡಿಯಲ್ಲೊಂದು ಬೆಂಕಿ ಹೊತ್ತಿಸಿದ್ದರು. ಅವನು ಬದುಕಿರುವ ತನಕ ಅದು ಉರಿಯಬೇಕು, ಸತ್ತ ದಿನ ಆರಿಸಬೇಕು. ಹನ್ನೊಂದು ವರ್ಷ ಅದಕ್ಕೆ ಕಟ್ಟಿಗೆ ಒಟ್ಟಿದವನು ನಾನು, ರಷ್ನುದಾತ.

ಗ್ರೀಕರು ಮತ್ತೆ ಊರು ಹಿಡಿದ ಮಾರನೆಯ ಮಧ್ಯಾಹ್ನ ಅವರ ದಳಪತಿ ಲೈಕೋನ್ ಸೈನಿಕರೊಂದಿಗೆ ಒಳಗೆ ಬಂದ.

"ಅಜ್ಜ, ನಿಮ್ ದೊರೆ ಯುದ್ಧದಲ್ಲಿ ಸತ್ತ. ಬೆಂಕಿ ಆರ್ಸು, ಜನ ನೋಡ್ಲಿ."

"ಹೆಣ ತೋರ್ಸಿ, ಆರಿಸ್ತೀನಿ."

"ಹೆಣ ನಾಯಿ ತಿಂದ್ವು."

"ಹಾಗಾದ್ರೆ ಆ ನಾಯಿನಾದ್ರೂ ಕರ್ಕೊಂಡ್ಬನ್ನಿ."

ಅವನು ನಗುತ್ತಾ ತಾನೇ ಕೊಡ ಎತ್ತಿ ನೀರು ಸುರಿದ. ಚುಂಯ್ ಎನ್ನಲಿಲ್ಲ, ಹೊಗೆ ಏಳಲಿಲ್ಲ. ಕೆಂಡವೆಲ್ಲ ಕಪ್ಪಾಯಿತು. ಬೂದಿ ಮುಟ್ಟಿ ನೋಡಿದೆ, ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಆದರೆ ಕಟ್ಟಿಗೆ ಚಟಚಟ ಸಿಡಿಯುವ ಸದ್ದು ಮಾತ್ರ ನಿಲ್ಲಲಿಲ್ಲ. ಹೊರಗೆ ಹಿಮ ಬೀಳುತ್ತಿದ್ದರೂ ಲೈಕೋನನ ಹಣೆಯಿಂದ ಬೆವರಿಳಿಯಿತು.

"ಏನದು ಸದ್ದು?"

"ಆರಿಸಿದವ್ರು ನೀವು. ನೀವೇ ಹೇಳಿ," ಎಂದೆ.

ಅವನು ಬಾಗಿಲಿಗೆ ಮುದ್ರೆ ಒತ್ತಿಸಿ, ಒಡೆದವರ ಕೈ ಕಡಿಯುತ್ತೇನೆಂದು ಸಾರಿ ಹೋದ. ಮರುದಿನ ಬೆಳಿಗ್ಗೆ ಅವನ ಸೈನಿಕರ ಎದುರೇ ನಾನು ಆ ಮುದ್ರೆ ಒಡೆದೆ. ಒಬ್ಬನೂ ಹೊಸಿಲ ಹತ್ತಿರ ಬರಲಿಲ್ಲ.

ಇದಾಗಿ ಆರು ವರ್ಷವಾಯಿತು. ದೊರೆಯ ಸುದ್ದಿ ಇಲ್ಲ. ದಿನವೂ ಬೆಳಿಗ್ಗೆ ಆ ತಣ್ಣನೆಯ ಬೂದಿಯ ಮೇಲೆ ಒಣ ಕಟ್ಟಿಗೆ ಇಟ್ಟು, ಕಿಡಿ ಸೋಕಿಸದೆ ಬಾಗಿಲು ಹಾಕುತ್ತೇನೆ. ಸಂಜೆ ತೆರೆದಾಗ ಕಟ್ಟಿಗೆ ಇರುವುದಿಲ್ಲ.