ಕಾಡಸಿದ್ದನ ಬಾಟಲಿ

ವರದಿ ಓದಿದ ಡಾಕ್ಟರ್ ಜಯಪಾಲನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ೧೯೯೪ರ ಚಳಿಗಾಲದಲ್ಲಿ, ದ್ರಾಕ್ಷಿಗೆ ಹೊಡೆಯುವ ಕೀಟನಾಶಕ ಜನರ ಮೈಗೆ ದಿನವೂ ಎಷ್ಟು ಸೇರುತ್ತದೆಂದು ಅಳೆಯಲು ಅವನು ತೆಲಸಂಗದ ಮನೆಮನೆಯಿಂದ ಮೂತ್ರದ ಬಾಟಲಿ ತುಂಬಿಸಿಕೊಂಡಿದ್ದ. ಊರು ಅವನಿಗೆ ಉಚ್ಚಿ ಡಾಕ್ಟರ್ ಎಂದು ಹೆಸರಿಟ್ಟು ನಕ್ಕಿತ್ತು. ಈಗ ನಗುವಂಥದ್ದೇನೂ ಉಳಿದಿರಲಿಲ್ಲ. ಎಲ್ಲರಿಗಿಂತ ಹೆಚ್ಚು ವಿಷ ಇದ್ದದ್ದು ಔಷಧ ಹೊಡೆಯುವ ಆಳಿನ ಬಾಟಲಿಯಲ್ಲಲ್ಲ— ಅಂಬೆಗಾಲಿಡುವ ಕೂಸು ಕಾಡಸಿದ್ದನ ಬಾಟಲಿಯಲ್ಲಿ!

ಬಾಟಲಿ ಅದಲುಬದಲಾಯಿತೇ? ಎದುರಿಗೇ ನಿಂತು ಮತ್ತೊಮ್ಮೆ ಹಿಡಿಸಿದ. ಅದೇ ಫಲಿತಾಂಶ. ಕೂಸಿನ ಜೊಲ್ಲು ನಿಲ್ಲುತ್ತಿರಲಿಲ್ಲ, ಕತ್ತು ಜೋತುಬೀಳುತ್ತಿತ್ತು. ಅಥಣಿಯ ಆಸ್ಪತ್ರೆಯಲ್ಲಿ ಚೇತರಿಸಿಕೊಂಡಿತು. ಮನೆಗೆ ಬಂದ ಕೆಲವೇ ದಿನಕ್ಕೆ ಮತ್ತೆ ಹಾಗೇ, ಮತ್ತೆ ಆಸ್ಪತ್ರೆ; ಹೇಗೋ ಬದುಕಿ ಬಂತು. ಇನ್ನೊಮ್ಮೆ ಹೀಗಾದರೆ ಉಳಿಯುವ ಭರವಸೆ ಇರಲಿಲ್ಲ.

"ಯಾರಂತ ಕೇಳ್ತೀರೇನ್ರಿ? ಆ ನಜೀರಸಾಬ!" ಕೂಸಿನ ಅಜ್ಜ ಕಾಕಾಸಾಹೇಬ ಗುಡುಗಿದ. "ಔಷಧ ಹೊಡದ ಮೈಮ್ಯಾಲಿನ ಅರಿವೀಲೇ ಬಂದು ಕೂಸಿನ್ನ ಎತ್ತಿಕೋತಿದ್ದ. ಮೊದಲನೇ ಸಲ ಆಸ್ಪತ್ರಿಗೆ ಹೋಗೂ ಮುಂಚೇನ ಅವನ್ನ ಹೊರಗ ಹಾಕೇನಿ."

ಹಳೆಯ ಆಳು ನಜೀರಸಾಬ ಊರ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಜಳಕ ಮಾಡದ ಕೂಸಿನ್ನ ಮುಟ್ಟತಿದ್ದೇನು?" ಜಯಪಾಲ ಕೇಳಿದ.

"ಅಲ್ಲಾನ ಆಣಿ, ಇಲ್ರಿ ಸಾಹೇಬ್ರ. ಅದನ್ನ ನೋಡದ ನನಗ ಊಟಾ ಸೇರವಲ್ದು."

ಇವನನ್ನು ಓಡಿಸಿದ ಮೇಲೂ ವಿಷ ಏರಿತ್ತಲ್ಲ! ಜಯಪಾಲ ಕಾಕಾಸಾಹೇಬನ ಮನೆಗೆ ನಡೆದ. ಮುದುಕ ಬಾಗಿಲಲ್ಲಿ ಕೂತಿದ್ದ; ಒಳಗೆ ಸೊಸೆ ರುಕ್ಮವ್ವ, ಕೂಸಿನ ತಾಯಿ, ಅದನ್ನು ಆಡಿಸುತ್ತಿದ್ದಳು.

"ಹಾಲು ಎಲ್ಲೀದು, ತಂಗಿ?"

"ನಮ್ಮ ಎಮ್ಮೀದ್ರಿ. ಎಲ್ಲಾರೂ ಕುಡೀತೀವಿ."

"ನೀರು?"

"ಬಾವೀದ್ರಿ. ಅದೂ ಎಲ್ಲಾರೂ."

ಕೂಸಿನ ಕೈಯಿಂದ ಜಾರಿದ ಬೆಲ್ಲದ ಚೂರನ್ನು ಎತ್ತಿ ಆಕೆ ಮತ್ತೆ ಅದರ ಬಾಯಿಗಿಟ್ಟಳು. ಸಗಣಿ ಸಾರಿಸಿದ ನೆಲ ಅಚ್ಚುಕಟ್ಟಾಗಿತ್ತು. ಮೂಲೆಯಲ್ಲಿ ನಿನ್ನೆಯ ಚೂರೊಂದು ಹಾಗೇ ಬಿದ್ದಿತ್ತು. ಜಯಪಾಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ.

"ಕಾಕಾಸಾಹೇಬ್ರ, ನಜೀರಸಾಬನ್ನ ಕರಸರಿ. ತಪ್ಪು ಅವಂದಲ್ಲ."

"ಮತ್ತ ಯಾರದ್ರಿ?"

"ಈ ಬೆಲ್ಲಾ ನೋಡ್ರಿ. ನಿನ್ನಿಯಿಂದ ಬಿದ್ದೈತಿ, ಒಂದು ಇರವಿ ಮುತ್ತಿಲ್ಲ. ಯಾಕ? ನಾವು ನೆಲದ ಮ್ಯಾಲ ನಡೀತೀವಿ. ಕೂಸು ಹರದಾಡತೈತಿ, ಅದ ಕೈ ಚೀಪತೈತಿ. ತಂಗಿ, ನೀ ತ್ವಾಟಕ್ಕ ಹೋಗೂದಿಲ್ಲ, ಆದ್ರೂ ನಿನ್ನ ಬಾಟಲಿಯೊಳಗೂ ವಿಷ ಐತಿ. ಸಾರಸೂ ಸಗಣ್ಯಾಗ ಏನ್ ಹಾಕ್ತಿ?"

ರುಕ್ಮವ್ವನ ಮುಖ ಬಿಳಿಚಿತು. "ತ್ವಾಟದ ಔಷಧರಿ... ಒಂದ ಮುಚ್ಚಳ. ಇರವಿ ಕಡದು ಕೂಸು ಅಳೂದು ನೋಡಾಕ ಆಗಲಿಲ್ರಿ."

ಯಾಕಾದರೂ ಕಂಡುಹಿಡಿದೆನೋ ಅನಿಸಿತು ಜಯಪಾಲನಿಗೆ. "ಇನ್ನ ಹಾಕಬ್ಯಾಡ. ನೆಲಾ ಕೆತ್ತಿಸಿ ಹೊಸಾ ಮಣ್ಣು ಹಾಕಸ್ರಿ. ಇಂವಾ ಉಳೀತಾನ."

ಆಕೆ ಕೂಸನ್ನು ಎದೆಗವಚಿಕೊಂಡಳು.

"ಇವನಕಿಂತ ಮೊದಲ ಒಬ್ಬಾಕಿ ಮಗಳಿದ್ಲರಿ. ಆಗೂ ಹಿಂಗ ಸಾರಸ್ತಿದ್ನಿ. ಆಕೀಗೂ ಹಿಂಗ ಜೊಲ್ಲು, ಹಿಂಗ ಕುತಿಗಿ... ಸಾಹೇಬ್ರ, ಆಕೀನೂ ನನ್ನಿಂದ ಹ್ವಾದ್ಲೇನ್ರಿ?"

ಇಷ್ಟು ಹೊತ್ತು ಪ್ರಶ್ನೆ ಕೇಳಿದವನು ಜಯಪಾಲ. ಈಗ ಉತ್ತರ ಅವನೇ ಕೊಡಬೇಕಿತ್ತು.

"ಅದು ಬ್ಯಾರೆ ಜಡ್ಡು, ತಂಗಿ."

ಹೇಳುವಾಗ ಆಕೆಯ ಕಡೆ ನೋಡಲು ಅವನಿಂದಾಗಲಿಲ್ಲ. ನಿಜ ತಿಳಿಯಲು ರುಕ್ಮವ್ವನಿಗೆ ಅಷ್ಟೇ ಸಾಕಾಯಿತು.